ಅಕೆನೆಸೆಯ ಓರೆ ಹಲಗೆ

ಮೊದಲು ಕೇಳಿಸಿದ್ದು ಸದ್ದು. ನಮ್ಮ ದ್ವೀಪದ ಹೆಂಗಸರು ಕೂತು ಚಾಪೆ ಹೆಣೆಯುವ ಹೆಣಿಗೆ ಮನೆಗೆ ಗೋಡೆಗಳಿಲ್ಲ, ಕಂಬಗಳು ಮತ್ತು ಮಾಡು ಅಷ್ಟೆ. ಅಲೆಗಳ ಮೊರೆತ ಸದಾ ಒಳಗೇ ಇರುತ್ತದೆ. ಆದರೂ ಆ ಸದ್ದು ಬೇರೆಯಾಗಿ ಕೇಳಿಸಿತು. ಟಪ್. ಮತ್ತೆ ಟಪ್. ಒದ್ದೆ ಮೀನನ್ನು ಯಾರೋ ಚಾಪೆಯ ಮೇಲೆ ಎತ್ತೆತ್ತಿ ಹಾಕುತ್ತಿರುವ ಹಾಗೆ. ತಲೆಯೆತ್ತಿ ನೋಡಿದರೆ ಅಕೆನೆಸೆ ನೀರು ಕುಡಿಯಲು ಎದ್ದು ಹೋಗುತ್ತಿದ್ದಳು. ಬಲಗಾಲಿನ ಮಂಡಿಯನ್ನು ಸೊಂಟದ ತನಕ ಎತ್ತುತ್ತಿದ್ದಳು. ಪಾದ ಮಾತ್ರ ಕೆಳಗೆ ಜೋತು ಬಿದ್ದಿತ್ತು. ಕಾಲು ಇಳಿಸಿದಾಗ ಅದು ಟಪ್ಪೆಂದು ನೆಲಕ್ಕೆ ಬೀಳುತ್ತಿತ್ತು.

"ಏನೇ ಅಕೆನೆಸೆ, ಹುಂಜದ ನಡಿಗೆ ಕಲೀತಿದೀಯಾ?" ಎಂದಳು ಮೂಲೆಯಿಂದ ಒಬ್ಬಳು.

"ಹುಂಜ ಆದ್ರೆ ನಾಳೆ ಬೆಳಿಗ್ಗೆ ನೀನೇ ಕೂಗಿ ಎಬ್ಬಿಸ್ಬೇಕಮ್ಮ ನಮ್ಮನ್ನ" ಎಂದಳು ಇನ್ನೊಬ್ಬಳು.

ನಾವೆಲ್ಲ ನಕ್ಕೆವು. ಅಕೆನೆಸೆ ನಗಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ. ಅವಳು ನೋಡಿದ್ದು ತನ್ನ ಗಂಡನ ಅಕ್ಕ ಮೋಯೆಲಂಗಿಯನ್ನು.

ಅವರಿಬ್ಬರ ನಡುವೆ ಕುಳಿತು ಚಾಪೆ ಹೆಣೆಯುವವಳು ನಾನು, ಪೇಲೆ. ಆ ಜಾಗ ನಾನು ಕೇಳಿ ಪಡೆದದ್ದಲ್ಲ. ಬೇರೆ ಯಾರೂ ಅಲ್ಲಿ ಕೂರಲು ಒಪ್ಪದ್ದರಿಂದ ನನಗೆ ಬಂತು. ಮೋಯೆಲಂಗಿ ಊರಿನ ಮಗಳು, ಹೆಣಿಗೆ ಮನೆಯ ಹಿರಿಯಳು. ಅಕೆನೆಸೆ ಹೊರಗಿನಿಂದ ಮದುವೆಯಾಗಿ ಬಂದವಳು. ನಮ್ಮಲ್ಲಿ ಗಂಡನ ಅಕ್ಕತಂಗಿಯರು ಕೂತಲ್ಲಿಗೆ ಸೊಸೆ ಬಿಸಿ ಕೊಕೊ ತಂದುಕೊಡಬೇಕು, ಅವರು ಮಾತಾಡುವಾಗ ತಲೆ ತಗ್ಗಿಸಬೇಕು. ಅಕೆನೆಸೆ ಎರಡನ್ನೂ ಮಾಡುತ್ತಿದ್ದಳು. ಆದರೆ ತಲೆ ತಗ್ಗಿಸಿಯೇ ಕಣ್ಣ ಕೊನೆಯಿಂದ ಎಲ್ಲವನ್ನೂ ಗಮನಿಸುತ್ತಿದ್ದಳು.

ಆ ವರ್ಷ ಅವಳ ಕೈಯಲ್ಲಿ ಒಂದು ಇಯೆ ತೋಗ ಇತ್ತು. ಕೇದಗೆಯ ಗರಿಯನ್ನು ನೂಲಿನಷ್ಟು ಸಣ್ಣಗೆ ಸೀಳಿ, ತಿಂಗಳುಗಟ್ಟಲೆ ಕೂತು ಹೆಣೆಯುವ ನವಿರಾದ ಚಾಪೆ ಅದು. ಮೈಮೇಲೆ ಹೊದ್ದರೆ ರೇಷ್ಮೆಯ ಹಾಗೆ ಇಳಿಯುತ್ತದೆ. ಅದರ ಮೇಲೆ ಯಾರೂ ಕೂರುವುದಿಲ್ಲ. ಮದುವೆಗೆ, ಸಾವಿಗೆ, ತಪ್ಪೊಪ್ಪಿಗೆಗೆ ಅದನ್ನು ಕೊಡುತ್ತಾರೆ. ಎಲ್ಲ ಚಾಪೆಗಳೂ ಮುಗಿದ ಮೇಲೆ ಊರ ಬಯಲಿನಲ್ಲಿ ಮೆರವಣಿಗೆಯ ದಿನ ಬರುತ್ತದೆ. ಹೆಣೆದವಳು ತನ್ನ ಚಾಪೆಯ ಮುಂದಿನ ಅಂಚು ಹಿಡಿದು ಊರ ಮುಖಂಡರ ಮುಂದೆ ನಡೆದು ಹೋಗಬೇಕು. ಚಾಪೆ ನೆಲಕ್ಕೆ ತಾಗಕೂಡದು. ಹೆಣೆದವಳಿಗೆ ನಡೆಯಲು ಆಗದಿದ್ದರೆ ಗಂಡನ ಅಕ್ಕನೋ ತಂಗಿಯೋ ಮುಂದಿನ ಅಂಚು ಹಿಡಿಯುತ್ತಾಳೆ. ಆಗ ಊರು ಅದನ್ನು ಅವಳ ಚಾಪೆಯೆಂದೇ ನೆನಪಿಟ್ಟುಕೊಳ್ಳುತ್ತದೆ. ನಮ್ಮ ಊರಿನಲ್ಲಿ ಹೊರಗಿನಿಂದ ಬಂದ ಸೊಸೆಯೊಬ್ಬಳ ಚಾಪೆ ಮೊದಲ ಸಾಲಿನಲ್ಲಿ ನಡೆದದ್ದೇ ಇಲ್ಲ. ಈ ಸಲ ಅಕೆನೆಸೆಯದು ನಡೆಯಬಹುದಿತ್ತು. ಅಷ್ಟು ಚೆನ್ನಾಗಿತ್ತು ಅದು.

ಹಾಗಿರುವಾಗ ಕಾಲು ಸೋತಿತು.

"ನೆನ್ನೆ ಸಂಜೆ ನನ್ನ ಕಾಲಿಗೆ ಎಣ್ಣೆ ಹಚ್ಚಿ ನೀವಿದ್ದು ಯಾರು ಹೇಳು ಪೇಲೆ ಅಕ್ಕ" ಎಂದಳು ಅಕೆನೆಸೆ ನನ್ನ ಕಿವಿಯ ಹತ್ತಿರ.

"ಮೋಯೆಲಂಗಿ. ನಾನೇ ನೋಡಿದ್ನಲ್ಲ."

"ಮದುವೆಯಾಗಿ ಬಂದಾಗಿಂದ ಒಂದಿನ ನನ್ನ ಕಾಲು ಮುಟ್ಟಿದ್ಲಾ ಅವಳು? ನೆನ್ನೆ ಮುಟ್ಟಿದ್ಲು. ಇವತ್ತು ಕಾಲು ಹೋಯ್ತು. ನಾನು ನಡೀದೇ ಇದ್ರೆ ಅಂಚು ಹಿಡಿಯೋರು ಯಾರು? ನೀನೇ ಕೂಡಿಸಿ ನೋಡು."

ನಾನು ಕೂಡಿಸಿ ನೋಡಿದೆ. ಹೇಳುವುದಕ್ಕೇನು, ಲೆಕ್ಕ ಸರಿಯಾಗಿಯೇ ಬರುತ್ತಿತ್ತು.

ಮಾತು ಊರೆಲ್ಲ ಹರಡಿತು. ಅಕೆನೆಸೆಯ ಕಡೆಯವರು, ಮೋಯೆಲಂಗಿ ಎಣ್ಣೆಯಲ್ಲಿ ಏನೋ ಬೆರೆಸಿದ್ದಳು ಎಂದರು. ಮೋಯೆಲಂಗಿಯ ಕಡೆಯವರು ಸೊಸೆ ಕೆಲಸ ತಪ್ಪಿಸಲು ಕುಂಟುತ್ತಿದ್ದಾಳೆ ಎಂದರು. ಪಾದ್ರಿಯ ಹೆಂಡತಿ ಸಕ್ಕರೆ ಕಾಯಿಲೆ ಇರಬೇಕು, ಕಾಲು ಕತ್ತರಿಸುತ್ತಾರೆ ಎಂದಳು. ಅಕೆನೆಸೆ ಅವಳಿಗೆ ಆ ದಿನದಿಂದ ದೀವಿಹಲಸು ಕಳಿಸುವುದನ್ನು ನಿಲ್ಲಿಸಿದಳು.

ನಾಟಿ ಮದ್ದಿನ ಮುದುಕಿ ಸಿಯುಪೊಲು ಬಂದು ಕಾಲು ಹಿಡಿದು ಕಣ್ಣು ಮುಚ್ಚಿದಳು. "ನಿನ್ನ ಸತ್ತ ಅತ್ತೆ ಪಾದ ಹಿಡ್ಕೊಂಡಿದಾಳೆ. ಐತುವಾಗಿ, ದೆವ್ವವಾಗಿ ಬಂದಿದಾಳೆ" ಎಂದಳು.

"ಸತ್ತ ಮೇಲೂ ಮಗಳ ಪರವೇ ಇರ್ತಾಳಾ ಆಯಮ್ಮ?" ಎಂದಳು ಅಕೆನೆಸೆ.

ಸಿಯುಪೊಲು ಸುಮ್ಮನಿರು ಎಂದು ಗದರಿ, ಮಂಡಿಯ ಹೊರಗಡೆ, ಎಲುಬು ಗುಬುಟಾಗಿ ಕಾಣುವ ಕಡೆ ಹೆಬ್ಬೆರಳಿಟ್ಟು ಅದುಮಿದಳು. ಅಕೆನೆಸೆ ಕಿರುಚಿದಳು. ಐತು ಬಿಟ್ಟು ಹೋಗುವ ನೋವು ಅದು ಎಂದು ಮುದುಕಿ ಇನ್ನೂ ಜೋರಾಗಿ ಅದುಮಿದಳು. ಮರುದಿನ ಬೆರಳುಗಳೂ ಏಳಲಿಲ್ಲ. ಪಾದದ ಮೇಲ್ಭಾಗ ಬೇರೆ ಯಾರದೋ ಪಾದದಂತಾಗಿದೆ, ಮುಟ್ಟಿದರೆ ದೂರದಲ್ಲೆಲ್ಲೋ ಮುಟ್ಟಿದ ಹಾಗಿದೆ ಎಂದಳು ಅಕೆನೆಸೆ.

ಆಗ ಮೋಯೆಲಂಗಿಯೇ ಹೇಳಿದಳು, "ದೊಡ್ಡಾಸ್ಪತ್ರೆಗೆ ನರದ ಡಾಕ್ಟರ್ ಬಂದಿದಾರಂತೆ. ಕರ್ಕೊಂಡು ಹೋಗ್ತೀನಿ."

"ನೀನ್ಯಾಕೆ?" ಎಂದಳು ಅಕೆನೆಸೆ.

"ನಾನಲ್ದೆ ನಿನ್ನ ಗಂಡ ಬರ್ತಾನಾ? ಅವನು ಮೀನಿಗೆ ಹೋದ್ರೆ ಮೀನಿಗೇ ಹೋದ."

"ಪೇಲೆ ಅಕ್ಕನೂ ಬರ್ಲಿ" ಎಂದಳು ಅಕೆನೆಸೆ. ಸಾಕ್ಷಿಗೆ ಎನ್ನುವುದು ಅವಳ ಮುಖದಲ್ಲೇ ಇತ್ತು. ಹೀಗೆ ಬಸ್ಸಿನ ಮರದ ಸೀಟಿನಲ್ಲೂ ನಾನು ಅವರಿಬ್ಬರ ನಡುವೆಯೇ ಕೂತೆ. ದಾರಿಯಲ್ಲಿ ಅಕೆನೆಸೆ ಮೆಲ್ಲಗೆ ಹೇಳಿದಳು, "ನಾನು ಹೆಣೀತೀನಿ ಅಂತ ಡಾಕ್ಟರ್ ಮುಂದೆ ಬಾಯಿ ಬಿಡಬೇಡ. ಹೆಣಿಗೆ ಬಿಡು ಅಂದ್ಬಿಡ್ತಾರೆ. ಅದನ್ನ ಹೇಳಿಸೋಕೇ ಇವಳು ಬರ್ತಿರೋದು."

ಡಾಕ್ಟರ್ ವಯೊಲೆತಿ ನಮ್ಮವಳೇ. ಆಕ್ಲೆಂಡಿನಲ್ಲಿ ಬೆಳೆದು, ಅಲ್ಲೇ ಓದಿದವಳು. ನಮ್ಮ ಮಾತನ್ನು ಸ್ವಲ್ಪ ಉಪ್ಪು ಕಡಿಮೆಯಾದ ಹಾಗೆ ಆಡುತ್ತಿದ್ದಳು. ಅಕೆನೆಸೆಯನ್ನು ಮೊದಲು ಕೋಣೆಯ ಈ ಕೊನೆಯಿಂದ ಆ ಕೊನೆಗೆ ನಡೆಸಿದಳು. ಟಪ್, ಟಪ್. ಆಮೇಲೆ ಮಂಚದ ಮೇಲೆ ಕೂರಿಸಿ ಪಾದವನ್ನು ಅಂಗೈಯಲ್ಲಿ ಹಿಡಿದಳು.

"ಮೇಲಕ್ಕೆ ಎತ್ತಿ."

ಏಳಲಿಲ್ಲ.

"ನನ್ನ ಕೈಯನ್ನ ಕೆಳಕ್ಕೆ ತಳ್ಳಿ."

ತಳ್ಳಿದಳು. ಡಾಕ್ಟರ್ ಒಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು.

"ಪಾದ ಹೊರಕ್ಕೆ ತಿರುಗಿಸಿ." ಆಗಲಿಲ್ಲ. "ಒಳಕ್ಕೆ?" ಸಲೀಸಾಗಿ ತಿರುಗಿತು.

ಡಾಕ್ಟರ್ ಹೂಂ ಎಂದಳು. ಚಿಕ್ಕ ಸುತ್ತಿಗೆಯಿಂದ ಮಂಡಿಗೆ, ಹಿಮ್ಮಡಿಗೆ ತಟ್ಟಿದಳು. ಬೆನ್ನು ನೋಡಿದಳು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದಳು. ಮೈಮೇಲೆ ಎಲ್ಲಾದರೂ ಬಣ್ಣ ಮಾಸಿದ ಮಚ್ಚೆ ಇದೆಯೇ ಎಂದು ಕೈಕಾಲು ಬೆನ್ನೆಲ್ಲ ಹುಡುಕಿ, ಮೊಣಕೈಯ ಹಿಂದಿನ ನರವನ್ನು ಬೆರಳಿನಿಂದ ಉರುಳಿಸಿ ನೋಡಿದಳು.

"ಏನ್ ಹುಡುಕ್ತಿದೀರಿ?" ಎಂದಳು ಅಕೆನೆಸೆ. ಅವಳ ದನಿ ಹರಿತವಾಗಿತ್ತು.

"ಎಲ್ಲದರ ಮೇಲೂ ನಂಗೆ ಗುಮಾನಿ ಅಮ್ಮ. ಬೆನ್ನಿನ ಮೇಲೆ ಗುಮಾನಿ, ಸಕ್ಕರೆ ಮೇಲೆ ಗುಮಾನಿ, ಕುಷ್ಠದ ಮೇಲೂ ಗುಮಾನಿ. ಒಬ್ಬೊಬ್ಬರನ್ನೇ ಕರೆದು ಕೇಳ್ತೀನಿ, ನೀನಾ, ನೀನಾ ಅಂತ. ಇಲ್ಲ ಅಂದವರನ್ನ ಮನೆಗೆ ಕಳಿಸ್ತೀನಿ. ಇದುವರೆಗೆ ಮೂವರೂ ಇಲ್ಲ ಅಂದಿದಾರೆ."

ಕುಷ್ಠ ಎಂಬ ಮಾತಿಗೆ ಮೋಯೆಲಂಗಿ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಮೂವರೂ ಮನೆಗೆ ಹೋದರು ಎಂದಾಗ ಕೈ ಇಳಿಸಿದಳು. ಅಕೆನೆಸೆ ಅದನ್ನು ಗಮನಿಸಿದಳು. ಆ ಕೈ ಯಾಕೆ ಏರಿತು, ಯಾಕೆ ಇಳಿಯಿತು ಎಂದು ಅವಳು ಲೆಕ್ಕ ಹಾಕುತ್ತಿದ್ದದ್ದು ನನಗೆ ಗೊತ್ತಾಯಿತು.

ಡಾಕ್ಟರ್ ಮಂಡಿಯ ಹೊರಗಿನ ಗುಬುಟು ಎಲುಬಿನ ಕೆಳಗೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಸಿಯುಪೊಲು ಅದುಮಿದ್ದ ಜಾಗವೇ. ಅಕೆನೆಸೆ ಮಂಚದಿಂದ ಬೀಳುವ ಹಾಗೆ ನೆಗೆದಳು. "ಅಯ್ಯೋ, ಹೆಬ್ಬೆರಳ ತನಕ ಮಿಂಚು ಹೊಡೀತು!"

"ಸಿಕ್ಕಿದ್ರು" ಎಂದಳು ಡಾಕ್ಟರ್.

ಆಮೇಲೆ ಯಂತ್ರ ಬಂತು. ಪಾದದ ಮೇಲೆ ತಂತಿ ಅಂಟಿಸಿ, ಕಣಕಾಲಿನ ಹತ್ತಿರ ಪುಟ್ಟ ವಿದ್ಯುತ್ತಿನ ಏಟು ಕೊಟ್ಟಳು. ಪಾದ ತಾನಾಗಿ ಜಿಗಿಯಿತು. ತೆರೆಯ ಮೇಲೆ ಎತ್ತರದ ಒಂದು ಅಲೆ ಎದ್ದಿತು. ಮಂಡಿಯ ಕೆಳಗೆ ಕೊಟ್ಟರೂ ಅಷ್ಟೇ ಎತ್ತರ. ಗುಬುಟಿನಿಂದ ಒಂದಿಷ್ಟು ಮೇಲೆ ಕೊಟ್ಟಾಗ ಅಲೆ ಮುದುರಿ, ದಡಕ್ಕೆ ಬಂದು ಸೋತ ನೀರಿನ ಹಾಗಾಯಿತು. ಕೊನೆಗೆ ಸಣ್ಣ ಸೂಜಿಯೊಂದನ್ನು ಮೀನಖಂಡದ ಮುಂದಿನ ಸ್ನಾಯುವಿಗೆ ಚುಚ್ಚಿ ಪಾದ ಎತ್ತಲು ನೋಡು ಎಂದಳು. ಯಂತ್ರದೊಳಗಿಂದ ಚಟಪಟ ಎಂದು ಸದ್ದು ಬಂತು.

"ಅದೇನು, ನನ್ನ ಮಾತು ಕದಿಯೋ ರೇಡಿಯೋನಾ?"

"ನಿಮ್ಮ ಸ್ನಾಯು ಮಾತಾಡೋದು. ಇನ್ನೂ ಒಂದೆರಡು ತಂತು ಉಸಿರಾಡ್ತಿದೆ. ಒಳ್ಳೇ ಸುದ್ದಿ. ನರ ತುಂಡಾಗಿಲ್ಲ. ಈ ಎಲುಬಿನ ಹತ್ರ ಚರ್ಮದ ಕೆಳಗೇ ಹಾದು ಹೋಗುತ್ತೆ ಅದು, ಯಾರೋ ಅದರ ಮೇಲೆ ಕೂತ್ಕೊಂಡಿದಾರೆ. ಯಾರು? ಬಿದ್ರಾ? ಏಟು ತಗಲಿತ್ತಾ?"

"ಇಲ್ಲ."

"ತೂಕ ಇಳಿದಿದೆಯಾ?"

"ಕ್ರಿಸ್ಮಸ್ ಆದ್ಮೇಲೆ ಡೆಂಗಿ ಬಂದಿತ್ತು. ಉಟ್ಟ ಲಾವಲಾವ ಸೊಂಟದಲ್ಲಿ ನಿಲ್ತಿರ್ಲಿಲ್ಲ."

"ಹಾಗಾದ್ರೆ ನರ ಕಾಯ್ತಿದ್ದ ಕೊಬ್ಬಿನ ದಿಂಬೂ ಹೋಯ್ತು. ಇಡೀ ದಿನ ಏನ್ ಕೆಲಸ ಮಾಡ್ತೀರಿ?"

"ಏನೂ ಇಲ್ಲ. ಟಾರೋ ಗೆಡ್ಡೆ ಬೇಯಿಸ್ತೀನಿ. ನಿಂತೇ ಇರ್ತೀನಿ."

ಡಾಕ್ಟರ್ ಅಕೆನೆಸೆಯ ಬೆರಳುಗಳನ್ನು ತಿರುಗಿಸಿ ನೋಡಿದಳು. ಕೇದಗೆ ಗರಿ ಕೊಯ್ದ ಗೆರೆಗಳು ತುದಿಯಲ್ಲೆಲ್ಲ ಇದ್ದವು. ಆಮೇಲೆ ಕಣಕಾಲಿನ ಹೊರಗೆ ದಪ್ಪಗಟ್ಟಿದ ಚರ್ಮವನ್ನು ಮುಟ್ಟಿದಳು. "ನಮ್ಮಜ್ಜಿಗೂ ಹೀಗೇ ಇತ್ತು. ನಿಂತೇ ಇರೋರಿಗೆ ಇದು ಬರಲ್ಲ ಅಮ್ಮ."

ಅಕೆನೆಸೆ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಬಸ್ಸಿನಲ್ಲಿ ಅವಳು ಹೇಳಿದ್ದು ನೆನೆದು ನಾನು ನನ್ನ ಉಡುಪಿನ ಅಂಚು ಸರಿಮಾಡಿಕೊಂಡೆ.

"ಸುಳ್ಳು ಹೇಳ್ತಾಳೆ ಡಾಕ್ಟ್ರೇ" ಎಂದಳು ಮೋಯೆಲಂಗಿ. "ಬೆಳಕು ಹರಿದಾಗ ಚಕ್ಕಳಮಕ್ಕಳ ಹಾಕಿ ಕೂತ್ರೆ, ಬೆಳಕು ಹೋದಾಗ ಏಳ್ತಾಳೆ."

ಅಕೆನೆಸೆ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬೆತ್ತಿದಳು.

ಡಾಕ್ಟರ್ ನೆಲಕ್ಕೆ ಒಂದು ಹಾಳೆ ಹಾಸಿ ಕೂತು ತೋರಿಸಲು ಹೇಳಿದಳು. ಅಕೆನೆಸೆ ಕೂತಳು. ಡಾಕ್ಟರ್ ಬಗ್ಗಿ ಕಾಲಿನ ಕೆಳಗೆ ಬೆರಳು ತೂರಿಸಿ ತಲೆಯಾಡಿಸಿದಳು. "ಹೀಗೆ ಕೂತ್ರೆ ಎರಡೂ ಕಾಲಿಗೆ ಆಗ್ಬೇಕಿತ್ತು. ಬಲಕ್ಕೆ ಮಾತ್ರ ಯಾಕೆ?"

"ಹಲಗೆ" ಎಂದಳು ಮೋಯೆಲಂಗಿ. ಹೆಣೆಯುವಾಗ ಚಾಪೆಯ ಕೆಳಗೆ ಮರದ ಹಲಗೆ ಇಟ್ಟುಕೊಳ್ಳುತ್ತೇವೆ. "ಎಲ್ಲರೂ ಹಲಗೇನ ನೇರ ಮುಂದೆ ಇಡ್ತಾರೆ. ಇವಳು ಓರೆ ಇಡ್ತಾಳೆ. ಅದರ ಅಂಚು ಬಲ ಮಂಡಿಗೆ ಆನಿಸಿ, ಮೇಲೆ ಕಲ್ಲಿನ ಭಾರ ಹೇರಿ, ಅದು ಜಾರಬಾರ್ದು ಅಂತ ಮಂಡಿಯಿಂದ ಒತ್ತಿ ಹಿಡ್ಕೊಂಡು ಹೆಣೀತಾಳೆ."

"ಯಾಕೆ ಓರೆ?" ಎಂದಳು ಡಾಕ್ಟರ್.

ಅಕೆನೆಸೆ ಛಾವಣಿ ನೋಡಿದಳು. ನಾನು ಕಿಟಕಿ ನೋಡಿದೆ.

"ನಾನು ಅವಳ ಹೆಣಿಗೆ ನೋಡಬಾರ್ದು ಅಂತ" ಎಂದಳು ಮೋಯೆಲಂಗಿ. "ನಾನು ಎಡಗಡೆ ಇರ್ತೀನಿ. ಹಲಗೆ ಬಲಕ್ಕೆ ತಿರುಗಿರುತ್ತೆ."

ಡಾಕ್ಟರ್ ನಗಲಿಲ್ಲ. ಅದು ಅವಳ ಒಳ್ಳೆಯತನ. ಮಂಡಿಯ ಹತ್ತಿರ ಯಾರೂ ತಿಕ್ಕಕೂಡದು, ಪಾದ ಜೋತು ಬೀಳದಂತೆ ಈ ಪ್ಲಾಸ್ಟಿಕ್ಕಿನ ಆನಿಕೆ ಕಟ್ಟಿಕೊಂಡು ನಡೆಯಬೇಕು, ಕೈಯಿಂದ ದಿನವೂ ಪಾದ ಎತ್ತಿ ಇಳಿಸಬೇಕು ಎಂದಳು. ಹೆಣಿಗೆ ಬಿಡು ಎನ್ನಲಿಲ್ಲ. "ಹೆಣೀರಿ. ಆದರೆ ಕಾಲು ಮಡಿಸಬೇಡಿ. ಚಾಚಿ ಕೂತ್ಕೊಳ್ಳಿ. ಎಷ್ಟೋ ತಿಂಗಳು ಹಿಡಿಯುತ್ತೆ, ಆದ್ರೆ ಬರುತ್ತೆ. ಮಡಿಸ್ತಾ ಹೋದ್ರೆ ಬರೋದಿಲ್ಲ."

ಚಾಚಿ ಕೂರುವುದು! ಅವಳು ಆಕ್ಲೆಂಡಿನಲ್ಲಿ ಬೆಳೆದವಳು, ಸುಲಭವಾಗಿ ಹೇಳಿಬಿಟ್ಟಳು. ಹತ್ತು ಜನರ ಎದುರು ಅಂಗಾಲು ತೋರಿಸಿ ಕೂರುವುದೆಂದರೆ ನಮ್ಮಲ್ಲಿ ಉಗಿದ ಹಾಗೆ. ತೀರ ಮುದುಕಿಯರಿಗೆ ಮಾತ್ರ, ಕಾಲ ಮೇಲೆ ಚಾಪೆ ಹೊದಿಸಿ, ಮಾಫಿ ಇದೆ. ಸೊಸೆಗೆ ಎಲ್ಲಿಯದು.

ಬಸ್ಸಿನಲ್ಲಿ ಅಕೆನೆಸೆ ನನ್ನ ಎದೆಯ ಮೇಲಿಂದ ಬಾಗಿ ಕೇಳಿದಳು, "ಹಾಗಾದ್ರೆ ಆ ದಿನ ಎಣ್ಣೆ ಯಾಕೆ ಹಚ್ಚಿದೆ?"

"ಭಾನುವಾರ ಚರ್ಚಿಂದ ಬರೋವಾಗ ಚಪ್ಪಲಿ ನಿನ್ನ ಕಾಲಿಂದ ಜಾರಿ ಬಿತ್ತು. ನಿಂಗೆ ಗೊತ್ತೇ ಆಗ್ಲಿಲ್ಲ, ನಡೀತಾನೇ ಹೋದೆ. ಎತ್ತಿ ತಂದು ನಿನ್ನ ಮೆಟ್ಟಿಲ ಮೇಲೆ ಇಟ್ಟೋಳು ನಾನು. ಕಾಲಿಗೇನೋ ಆಗಿದೆ ಅನ್ನಿಸ್ತು."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಚಪ್ಪಲಿ ನಾನೇ ಕದ್ದೆ ಅಂತಿದ್ದೆ."

ಅಕೆನೆಸೆ ಒರಗಿ ಕೂತಳು. ಇಳಿಯುವಾಗ ನನಗೆ ಮಾತ್ರ ಹೇಳಿದಳು, "ಮೋಯೆಲಂಗಿ ಡಾಕ್ಟರ್ ಹತ್ರ ಮೊದ್ಲೇ ಮಾತಾಡಿದಾಳೆ. ಇಲ್ದೇ ಇದ್ರೆ ಕಾಲು ಚಾಚು ಅಂತ ಯಾವ ಡಾಕ್ಟರ್ ಹೇಳ್ತಾರೆ? ಸೊಸೆ ಮರ್ಯಾದೆ ಬಿಟ್ಲು ಅಂತ ಹೆಂಗಸರು ನನ್ನನ್ನ ಹೊರಗೆ ಹಾಕ್ಲಿ ಅಂತ."

ಆಸ್ಪತ್ರೆಯ ಆನಿಕೆ ಅವಳ ಮನೆಯ ಕಂಬಕ್ಕೆ ನೇತುಬಿತ್ತು. ಕೆಲವು ದಿನಗಳ ಮೇಲೆ ನೋಡಿದರೆ ಅವಳ ಗಂಡ ಲೆಮಲು ಅದರೊಳಗೆ ಮೀನಿನ ಗಾಳಗಳನ್ನು ಸಿಕ್ಕಿಸಿಟ್ಟಿದ್ದ. ಅಕೆನೆಸೆ ಮೊದಲಿನ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಳು. ಹಲಗೆ ಓರೆಯಾಗಿಯೇ ಇತ್ತು. ಟಪ್ ಟಪ್ ಸದ್ದೂ ಹಾಗೇ ಇತ್ತು. ಚಾಪೆ ಮಾತ್ರ ಬೆಳೆಯುತ್ತಿತ್ತು, ಕೊನೆಯಲ್ಲಿ ಅಂಚಿಗೆ ಹೊಲಿಯುವ ಕೆಂಪು ಹಕ್ಕಿಗರಿಗಳ ಸಾಲು ಹತ್ತಿರವಾಗುತ್ತಿತ್ತು. ಒಂದು ದಿನ ಅವಳು ಎದ್ದವಳು ತನ್ನದೇ ಚಾಪೆಯ ಅಂಚಿಗೆ ಕಾಲ್ಬೆರಳು ಸಿಕ್ಕಿ ಮುಗ್ಗರಿಸಿದಳು. ಒಂದು ಎಳೆ ಕಿತ್ತು ಬಂತು. ಅವಳು ಅಲ್ಲೇ ಕುಸಿದು, ಕಿತ್ತ ಎಳೆಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು. ಅಳಲಿಲ್ಲ. ಯಾರು ನೋಡಿದರು ಎಂದು ಸುತ್ತ ನೋಡಿದಳು. ಮೋಯೆಲಂಗಿ ನೋಡಿದ್ದಳು.

ಮರುದಿನ ಊರ ಮುಖಂಡರ ಹೆಂಡಂದಿರು ಹೆಣಿಗೆಯ ಪರೀಕ್ಷೆಗೆ ಬರುವ ದಿನ. ನಾವೆಲ್ಲ ತಲೆಗೂದಲು ಬಿಗಿದು ಕಟ್ಟಿ, ನೆಟ್ಟಗೆ ಕೂತಿದ್ದೆವು. ಆ ಹೆಂಗಸರು ಒಳಗೆ ಬಂದು ಕಂಬಗಳಿಗೆ ಒರಗಿ ಕೂತರು. ಕೊಕೊ ಬಂತು. ಆಗ ಮೋಯೆಲಂಗಿ, ಊರಿನ ಮಗಳು, ಹೆಣಿಗೆ ಮನೆಯ ಹಿರಿಯಳು, ಅವರ ಎದುರಿಗೇ ತನ್ನ ಎರಡೂ ಕಾಲುಗಳನ್ನು ಉದ್ದಕ್ಕೆ ಚಾಚಿದಳು.

ಮುಖ್ಯ ಮುಖಂಡನ ಹೆಂಡತಿ ಬಟ್ಟಲನ್ನು ಕೆಳಗಿಟ್ಟಳು.

ಮೋಯೆಲಂಗಿ ಪಕ್ಕದಲ್ಲಿದ್ದ ಅಗಲವಾದ ಚಾಪೆಯೊಂದನ್ನು ಬಿಡಿಸಿ ತನ್ನ ಕಾಲ ಮೇಲೆ ಎಳೆದುಕೊಂಡಳು. ಅದು ನನ್ನನ್ನೂ ದಾಟಿ ಅಕೆನೆಸೆಯ ಮಂಡಿಯ ತನಕ ಬಂತು. "ವಯಸ್ಸಾಯ್ತು ತಾಯಿ, ಕ್ಷಮಿಸಿ. ಕಾಲು ಮರಗಟ್ಟುತ್ತೆ. ನನ್ನ ತಮ್ಮನ ಹೆಂಡತಿಗೂ ಹಾಗೇ ಆಗಿದೆ, ಡಾಕ್ಟರ್ ಹೇಳಿದಾರೆ" ಎಂದು ಮುಖಂಡನ ಹೆಂಡತಿಗೆ ಹೇಳಿ, ಆಮೇಲೆ ಹಲ್ಲು ಕಚ್ಚಿ ಇತ್ತ ತಿರುಗಿದಳು. "ಚಾಚೇ."

ಅಕೆನೆಸೆ ಚಾಪೆಯ ಅಂಚೆತ್ತಿ ಕೆಳಗೆ ನೋಡಿದಳು. "ಏನಿದೆ ಇದರ ಕೆಳಗೆ?"

"ಹಾವಿದೆ. ಚಾಚು ಅಂದ್ರೆ."

ನಾನು ಮೊದಲು ಚಾಚಿದೆ, ನಡುವೆ ಇದ್ದವಳು ಬೇರೇನು ಮಾಡಲಿ. ಆಮೇಲೆ ಅಕೆನೆಸೆಯ ಕಾಲೂ ಮೆಲ್ಲಗೆ ಬಂತು. ಮುಖಂಡನ ಹೆಂಡತಿ ಸ್ವಲ್ಪ ಹೊತ್ತು ಆ ಮೂರು ಜೊತೆ ಕಾಲುಗಳ ಉಬ್ಬನ್ನು ನೋಡಿದಳು. ಆಮೇಲೆ ಬಟ್ಟಲು ಎತ್ತಿಕೊಂಡು, ಈ ಸಲದ ಕೊಕೊ ಚೆನ್ನಾಗಿದೆ ಎಂದಳು.

ಅಂದಿನಿಂದ ನಾವು ಮೂವರೂ ಒಂದೇ ಚಾಪೆಯ ಕೆಳಗೆ ಕಾಲಿಟ್ಟು ಹೆಣೆದೆವು. ಹಲಗೆ ತೊಡೆಯ ಮೇಲೆ ಬಂದದ್ದರಿಂದ ಅದನ್ನು ಓರೆ ಮಾಡಲು ಆಗುತ್ತಿರಲಿಲ್ಲ. ಗಾಳಗಳು ಗಂಡನ ಬುಟ್ಟಿಗೆ ಹೋದವು, ಆನಿಕೆ ಅವಳ ಕಾಲಿಗೆ ಬಂತು. ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ನಮ್ಮ ಕಾಲ ಮೇಲಿನ ಚಾಪೆ ಒಂದು ಕಡೆ ಸಣ್ಣಗೆ ಏರಿ ಇಳಿಯಿತು. ಕೆಳಗೆ ಇಲಿ ಹೊಕ್ಕ ಹಾಗೆ.

ಅಕೆನೆಸೆ ಕೈ ನಿಲ್ಲಿಸಿದಳು. "ಮೋಯೆಲಂಗಿ, ನೀನು ಬೆರಳು ಆಡಿಸಿದ್ಯಾ?"

"ನಂದು ಆ ಕಡೆ ಇದೆ."

"ಪೇಲೆ ಅಕ್ಕ, ನೀನಾ?"

"ನಂದು ನಿದ್ದೆ ಮಾಡ್ತಿದೆ ಕಣೇ."

ಅವಳು ನಮ್ಮಿಬ್ಬರನ್ನೂ ನಂಬಲಿಲ್ಲ. ಚಾಪೆಯನ್ನು ಪೂರ್ತಿ ಎಳೆದು ಬಿಸಾಡಿ, ಬಲಗಾಲಿನ ಹೆಬ್ಬೆರಳನ್ನು ದಿಟ್ಟಿಸಿದಳು. ಅದು ಮತ್ತೆ ಎದ್ದಿತು. ಸ್ವಲ್ಪವೇ, ಆದರೆ ಎದ್ದಿತು. ಮೋಯೆಲಂಗಿ ಚಾಪೆ ಎತ್ತಿ ಮತ್ತೆ ಹೊದಿಸಿ, "ಮರ್ಯಾದೆ, ಮರ್ಯಾದೆ" ಎಂದಳು. ಅವಳ ದನಿ ಒದ್ದೆಯಾಗಿತ್ತು.

ಮೆರವಣಿಗೆಯ ದಿನ ಅಕೆನೆಸೆ ಉದ್ದನೆಯ ಉಡುಪಿನ ಕೆಳಗೆ ಆನಿಕೆ ಕಟ್ಟಿಕೊಂಡು ಮೊದಲ ಸಾಲಿನಲ್ಲಿ ಮುಂದಿನ ಅಂಚು ಹಿಡಿದಳು. ಮೋಯೆಲಂಗಿ ಹಿಂದಿನ ಅಂಚು ಹಿಡಿದಳು. ಟಪ್ ಎಂಬ ಸದ್ದು ಇತ್ತು, ಆದರೆ ಹುಡುಕಿದವರಿಗೆ ಮಾತ್ರ ಕೇಳಿಸುವಷ್ಟು. ಬಯಲಿನ ಉದ್ದಕ್ಕೂ ಅಕೆನೆಸೆ ಎರಡು ಹೆಜ್ಜೆಗೊಮ್ಮೆ ತಿರುಗಿ, ಹಿಂದಿನ ಅಂಚು ನೆಲಕ್ಕೆ ತಾಗುತ್ತಿದೆಯೇ ಎಂದು ನೋಡಿದಳು. ತಾಗಲಿಲ್ಲ. ಮುಖಂಡರು ಕೂಗಿ ಹೊಗಳಿದರು. ಹೆಸರು ಹಿಡಿದು ಕರೆದದ್ದು ಅಕೆನೆಸೆಯನ್ನೇ.

ಮುಂದಿನ ವಾರ ಹೊಸ ಚಾಪೆ ಶುರುವಾಯಿತು. ನಾನು ಹೋಗುವಷ್ಟರಲ್ಲಿ ಅಕೆನೆಸೆ ಬಂದು ಕೂತಿದ್ದಳು. ಕಾಲು ಚಾಚಿ, ಚಾಪೆ ಹೊದ್ದು, ನಮ್ಮಿಬ್ಬರ ಕಾಲಿಗೂ ಜಾಗ ಬಿಟ್ಟಿದ್ದಳು. ಹಲಗೆ ತೊಡೆಯ ಮೇಲೆ ನೇರವಾಗಿತ್ತು.

ಅದರ ಮೇಲೆ ಮಾತ್ರ ಒಂದು ಬಟ್ಟೆ ಮುಚ್ಚಿ, ಕೈ ಒಳಗೆ ತೂರಿಸಿ ಹೆಣೆಯುತ್ತಿದ್ದಳು.